ಜಿಪ್ಸಂ ಗೋಡೆಗೆ ಪೆಗ್‌ಬೋರ್ಡ್ ಹಾಕಬಹುದೇ?

ಪ್ರಶ್ನೆ: ಮಂಡ್ಯದಲ್ಲಿ ನಮ್ಮ ಸ್ವಂತ ಮನೆ. ಮೂರು ವರ್ಷದ ಹಿಂದೆ ಮಹಡಿಯ ಹಾಲಿಗೆ ಅಡ್ಡಲಾಗಿ ಜಿಪ್ಸಂ ಪಾರ್ಟಿಷನ್ ಹಾಕಿಸಿ ಒಂದು ಕೋಣೆ ಮಾಡಿಕೊಂಡೆವು. ಅಲ್ಲಿ ನಾನು ಬ್ಲೌಸ್ ಹೊಲಿಯುತ್ತೇನೆ, ಆರಿ ವರ್ಕ್ ಕೂಡ ಮಾಡುತ್ತೇನೆ. ಕತ್ತರಿ, ಸ್ಕೇಲು, ದಾರದ ರೀಲು, ಆರಿ ರಿಂಗು ಎಲ್ಲ ಮೇಜಿನ ಮೇಲೆ ರಾಶಿ ಬಿದ್ದಿರುತ್ತವೆ. ಗೋಡೆಗೆ 4 ಅಡಿ ಅಗಲ, 2 ಅಡಿ ಎತ್ತರದ ಪೆಗ್‌ಬೋರ್ಡ್ (ಸಾಲು ತೂತುಗಳಿಗೆ ಕೊಕ್ಕೆ ಸಿಕ್ಕಿಸಿ ಸಾಮಾನು ನೇತುಹಾಕುವ ಹಲಗೆ) ಹಾಕಿಸೋಣ ಎಂದರೆ ಬಡಗಿಯವರು "ಫೋಟೊ ಬಿಟ್ರೆ ಈ ಗೋಡೆ ಇನ್ನೇನೂ ತಡೆಯಲ್ಲ ಕಣಕ್ಕ" ಅನ್ನುತ್ತಾರೆ. ಹಾರ್ಡ್‌ವೇರ್ ಅಂಗಡಿಯವರು "ಒಂದೊಂದೂ 30 ಕೆ.ಜಿ. ತಡೆಯುತ್ತೆ" ಎಂದು ಒಂದು ಪ್ಯಾಕೆಟ್ ಆಂಕರ್ (ಟೊಳ್ಳು ಗೋಡೆಯಲ್ಲಿ ಸ್ಕ್ರೂ ಹಿಡಿದು ನಿಲ್ಲಿಸುವ ಬಿಡಿಭಾಗ) ಕೊಟ್ಟಿದ್ದಾರೆ. ಹೋದ ವರ್ಷ ಪ್ಲಾಸ್ಟಿಕ್ ರಾವಲ್ ಪ್ಲಗ್ ಹಾಕಿ ಕೂರಿಸಿದ್ದ ಸಣ್ಣ ಶೆಲ್ಫ್ ತಿಂಗಳೊಳಗೆ ಕಿತ್ತು ಬಿತ್ತು. ನಾಣ್ಯದಷ್ಟು ಅಗಲದ ಎರಡು ತೂತು ಹಾಗೇ ಇವೆ. ಯಾರ ಮಾತು ನಂಬಲಿ? ಯಾವ ಬೋರ್ಡ್ ತರಲಿ? ಹೇಗೆ ಹಾಕಿಸಲಿ?

ಉತ್ತರ: ಶೆಲ್ಫ್ ಒಮ್ಮೆ ಬಿದ್ದ ಗೋಡೆಗೆ ಮತ್ತೆ ಕೈ ಹಾಕಲು ಹೆದರಿಕೆಯಾಗುವುದು ಸಹಜ. ಆದರೂ ನಿಮ್ಮ ಗೋಡೆಗೆ ಪೆಗ್‌ಬೋರ್ಡ್ ಧಾರಾಳವಾಗಿ ಹಾಕಬಹುದು. ಬಡಗಿಯವರ ಮಾತು ಅರ್ಧ ನಿಜ, ಅಂಗಡಿಯವರದು ಕಾಲು ಭಾಗ ನಿಜ. ಶೆಲ್ಫ್ ಯಾಕೆ ಬಿತ್ತು ಎನ್ನುವುದು ಅರ್ಥವಾದರೆ ಉಳಿದದ್ದೆಲ್ಲ ಸುಲಭವಾಗುತ್ತದೆ.

ಪಾರ್ಟಿಷನ್ನಿಗೆ ಸಾಮಾನ್ಯವಾಗಿ ಬಳಸುವ ಜಿಪ್ಸಂ ಬೋರ್ಡಿನ ದಪ್ಪ 12.5 ಮಿ.ಮೀ. ನಡುವೆ ಜಿಪ್ಸಂ, ಎರಡೂ ಮುಖಕ್ಕೆ ದಪ್ಪ ಕಾಗದ. ಬೋರ್ಡಿನ ಗಟ್ಟಿತನ ಬಹುಪಾಲು ಆ ಕಾಗದದ್ದೇ. ಒಳಗಿನ ಜಿಪ್ಸಂ ಒತ್ತಿದರೆ ಪುಡಿಯಾಗುತ್ತದೆ. ರಾವಲ್ ಪ್ಲಗ್ ಕೆಲಸ ಮಾಡುವುದು ಇಟ್ಟಿಗೆ ಅಥವಾ ಕಾಂಕ್ರೀಟಿನೊಳಗೆ ಉಬ್ಬಿ, ಸುತ್ತಲಿನ ಗಟ್ಟಿ ಗೋಡೆಯನ್ನು ಒತ್ತಿ ಹಿಡಿಯುವುದರಿಂದ. ಜಿಪ್ಸಂನಲ್ಲಿ ಅದು ಉಬ್ಬಿದ ಹಾಗೆಲ್ಲ ತನ್ನ ಸುತ್ತ ಪುಡಿಯನ್ನೇ ಮಾಡಿಕೊಳ್ಳುತ್ತದೆ, 12.5 ಮಿ.ಮೀ. ದಾಟಿದರೆ ಆಚೆ ಬರೀ ಟೊಳ್ಳು. ನಿಮ್ಮ ಶೆಲ್ಫಿಗೆ ಹಿಡಿತ ಮೊದಲ ದಿನವೇ ಇರಲಿಲ್ಲ. ಬೀಳಲು ಒಂದು ತಿಂಗಳು ಹಿಡಿಯಿತು, ಅಷ್ಟೇ.

ಭಾರ ಹೊರುವುದು ಬೋರ್ಡಿನ ಹಿಂದಿರುವ ಜಿ.ಐ. ಚಾನೆಲ್. ಕೆಲಸದವರು ಸ್ಟಡ್ ಎನ್ನುತ್ತಾರೆ. ನೆಲದಿಂದ ಮೇಲಿನವರೆಗೆ ನಿಂತ ತಗಡಿನ ಕಂಬಗಳು ಇವು, ಸಾಮಾನ್ಯವಾಗಿ 610 ಮಿ.ಮೀ. ಅಂದರೆ 2 ಅಡಿಗೊಂದು, ಕೆಲವು ಕಡೆ 400 ಮಿ.ಮೀ.ಗೊಂದು. ನೀವು ಆರಿಸಿರುವ 4 ಅಡಿ ಅಗಲ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಎಡ ತುದಿ, ನಡು, ಬಲ ತುದಿ ಹೀಗೆ ಮೂರು ಸ್ಟಡ್ ಸಿಗುತ್ತವೆ.

ಶೆಲ್ಫ್ ಬೀಳಲು ಇನ್ನೊಂದು ಕಾರಣ ಸನ್ನೆಗೋಲಿನ ಲೆಕ್ಕ. ಗೋಡೆಗೆ ಹಾಕಿದ ವಸ್ತು ಕೆಳಕ್ಕೆ ಜಗ್ಗುವುದು ಒಂದು ಬಲ, ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಹೊರಕ್ಕೆ ಕೀಳುವುದು ಇನ್ನೊಂದು. ಜಿಪ್ಸಂ ಮೊದಲನೆಯದನ್ನು ಸುಮಾರಾಗಿ ತಾಳಿಕೊಳ್ಳುತ್ತದೆ, ಎರಡನೆಯದಕ್ಕೆ ಬೇಗ ಸೋಲುತ್ತದೆ. ಶೆಲ್ಫಿನ ಬ್ರಾಕೆಟ್ಟಿನಲ್ಲಿ ಮೇಲಿನ ಸ್ಕ್ರೂಗೂ ಕೆಳತುದಿಗೂ 10 ಸೆಂ.ಮೀ. ಅಂತರ, ಮೇಲೆ 15 ಕೆ.ಜಿ. ಸಾಮಾನು, ಆ ಭಾರದ ನಡುಭಾಗ ಗೋಡೆಯಿಂದ 12 ಸೆಂ.ಮೀ. ಮುಂದೆ ಇದೆ ಎಂದುಕೊಳ್ಳಿ. ಮೇಲಿನ ಸ್ಕ್ರೂಗಳನ್ನು ಹೊರಕ್ಕೆ ಎಳೆಯುವ ಬಲ 15ನ್ನು 12ರಿಂದ ಗುಣಿಸಿ 10ರಿಂದ ಭಾಗಿಸಿದಷ್ಟು, ಅಂದರೆ 18 ಕೆ.ಜಿ. ಅದನ್ನು ಹೊರುವುದು ಎರಡೇ ಸ್ಕ್ರೂ. ಅದೇ 15 ಕೆ.ಜಿ.ಯನ್ನು 2 ಅಡಿ ಎತ್ತರದ ಪೆಗ್‌ಬೋರ್ಡಿಗೆ ಹಾಕಿ. ಅದನ್ನು ಗೋಡೆಗೆ ಹಿಡಿಸುವ ಮೇಲಿನ ಪಟ್ಟಿಗೂ ಕೆಳಗಿನ ಪಟ್ಟಿಗೂ 50 ಸೆಂ.ಮೀ. ಅಂತರ, ಭಾರ ಗೋಡೆಯಿಂದ 10 ಸೆಂ.ಮೀ. ಮುಂದೆ. ಎಳೆತ 3 ಕೆ.ಜಿ. ಮಾತ್ರ, ಅದೂ ಆರು ಸ್ಕ್ರೂಗಳಿಗೆ ಹಂಚಿ ತಲಾ ಅರ್ಧ ಕೆ.ಜಿ. ಶೆಲ್ಫ್ ಬಿದ್ದ ಗೋಡೆಯ ಮೇಲೆ ಪೆಗ್‌ಬೋರ್ಡ್ ನಿಲ್ಲುತ್ತದೆ ಎಂದು ಧೈರ್ಯವಾಗಿ ಹೇಳಲು ಈ ಲೆಕ್ಕವೇ ಆಧಾರ. ಕೊಕ್ಕೆಗೆ ಹಾಕಿದ ಸಾಮಾನು ಬೋರ್ಡಿಗೆ ಅಂಟಿಕೊಂಡಂತೆ ಇರಬೇಕು ಎನ್ನುವುದಕ್ಕೂ ಇದೇ ಕಾರಣ. 30 ಸೆಂ.ಮೀ. ಮುಂದೆ ಚಾಚುವ ಟ್ರೇ ಸಿಕ್ಕಿಸಿದರೆ ಲೆಕ್ಕ ಮತ್ತೆ ಶೆಲ್ಫಿನ ಕಡೆಗೇ ಹೋಗುತ್ತದೆ.

ಪ್ಯಾಕೆಟ್ ಮೇಲಿನ 30 ಕೆ.ಜಿ. ಎಂಬ ಮಾತಿಗೆ ಬರೋಣ. ಇಂಥ ಅಂಕಿ ಸಾಮಾನ್ಯವಾಗಿ ಹೊಸ ಬೋರ್ಡಿನಲ್ಲಿ, ನೆಟ್ಟಗೆ ಕೂರಿಸಿದ ಆಂಕರನ್ನು ಕಿತ್ತು ಬರುವವರೆಗೆ ಎಳೆದಾಗ ಸಿಕ್ಕಿದ್ದು. ದಿನವೂ ಕತ್ತರಿ ತೆಗೆದು ಹಾಕುವ ಅಲುಗಾಟ ಅದರಲ್ಲಿ ಸೇರಿಲ್ಲ. ಅದರ ಕಾಲು ಭಾಗವನ್ನು, ಅಂದರೆ ಏಳೂವರೆ ಕೆ.ಜಿ.ಯನ್ನು ಮಾತ್ರ ನಂಬುವುದು ಈ ಕೆಲಸದ ರೂಢಿ. ನಾಲ್ಕು ಆಂಕರ್ ಹಾಕಿದರೆ ನಾಲ್ಕು ಪಟ್ಟು ಎಂಬ ಲೆಕ್ಕವೂ ನಡೆಯದು, ಭಾರ ಸಮನಾಗಿ ಹಂಚಿಹೋಗುವುದಿಲ್ಲ. ತಿರುಪಿನಂತೆ ಬೋರ್ಡಿಗೆ ಕೊರೆದುಕೊಂಡು ಹೋಗುವ ಪ್ಲಾಸ್ಟಿಕ್ ಆಂಕರ್ ಗಡಿಯಾರಕ್ಕೆ, ಕ್ಯಾಲೆಂಡರಿಗೆ ಸಾಕು. ಹಿಂದೆ ರೆಕ್ಕೆ ಬಿಚ್ಚಿಕೊಳ್ಳುವ ಬಟರ್‌ಫ್ಲೈ ಬೋಲ್ಟ್ ಅದಕ್ಕಿಂತ ಎಷ್ಟೋ ಗಟ್ಟಿ, ಆದರೆ ಬೆರಳು ಹೋಗುವಷ್ಟು ದೊಡ್ಡ ತೂತು ಬೇಕು, ಮತ್ತು ಬೋಲ್ಟ್ ಪೂರ್ತಿ ಬಿಚ್ಚಿದರೆ ರೆಕ್ಕೆ ಗೋಡೆಯೊಳಗೆ ಬಿದ್ದುಹೋಗುತ್ತದೆ. ಸ್ಟಡ್ ಸಿಗದ ಒಂದೆರಡು ಜಾಗಕ್ಕೆ ಮಾತ್ರ ಅದನ್ನು ಬಳಸಿ. ಡಬಲ್ ಸೈಡ್ ಟೇಪಿನ ವಿಷಯ ಕೇಳಲೇಬೇಡಿ. ಟೇಪು ಹಿಡಿದುಕೊಳ್ಳುವುದು ಪೇಂಟನ್ನು, ಪೇಂಟು ಹಿಡಿದುಕೊಂಡಿರುವುದು ಪುಟ್ಟಿಯನ್ನು. ಮಂಡ್ಯದ ಏಪ್ರಿಲ್ ಸೆಕೆಗೆ ಮೂರೂ ಒಟ್ಟಿಗೇ ಕಳಚಿ ಬರುತ್ತವೆ.

ಕೆಲಸ ಶುರು ಮಾಡುವ ಮೊದಲು ನಿಮ್ಮದು ನಿಜಕ್ಕೂ ಟೊಳ್ಳು ಪಾರ್ಟಿಷನ್ನೇ ಎಂದು ಖಚಿತ ಮಾಡಿಕೊಳ್ಳಿ. ಇಟ್ಟಿಗೆ ಗೋಡೆಗೆ ಜಿಪ್ಸಂ ಪ್ಲಾಸ್ಟರ್ ಬಳಿದಿದ್ದರೂ ನಮ್ಮ ಕಡೆ "ಜಿಪ್ಸಂ ಗೋಡೆ" ಎಂದೇ ಕರೆಯುತ್ತಾರೆ. ಪೆಗ್‌ಬೋರ್ಡ್ ಮುಚ್ಚುವ ಜಾಗದಲ್ಲಿ ಸಣ್ಣ ಡ್ರಿಲ್ ಬಿಟ್ಟಿನಿಂದ ಒಂದು ತೂತು ಕೊರೆದು ಪುಡಿ ನೋಡಿ. ಬಿಳಿ ಆಮೇಲೆ ಕೆಂಪು ಬಂದರೆ ಇಟ್ಟಿಗೆ, ಬಿಳಿ ಆಮೇಲೆ ಬೂದು ಬಂದರೆ ಸಿಮೆಂಟ್ ಬ್ಲಾಕ್. ಅಲ್ಲಿ ಪ್ಲಾಸ್ಟರ್ ದಾಟಿ ಗಟ್ಟಿ ಗೋಡೆಯೊಳಕ್ಕೆ ಹೋಗುವಷ್ಟು ಉದ್ದದ ರಾವಲ್ ಪ್ಲಗ್ ಸಾಕು. ಬಿಳಿ ಪುಡಿ ಬಂದು ಒಂದು ಸೆಂಟಿಮೀಟರ್ ಚಿಲ್ಲರೆಯಲ್ಲಿ ಬಿಟ್ ದಡಕ್ಕನೆ ಒಳಗೆ ಹೋದರೆ ಟೊಳ್ಳು ಪಾರ್ಟಿಷನ್. ನಿಮ್ಮ ಶೆಲ್ಫ್ ಬಿದ್ದ ತೂತಿಗೆ ಟಾರ್ಚ್ ಬಿಟ್ಟು ನೋಡಿದರೂ ಇದು ತಿಳಿಯುತ್ತದೆ.

ಆಮೇಲೆ ಗೋಡೆಯನ್ನು ಎದೆಮಟ್ಟದಲ್ಲಿ ಅಂಗೈಯಿಂದ ಒತ್ತಿ ಬಿಡಿ. ಸ್ವಲ್ಪ ಮಿಡಿದು ನಿಂತರೆ ಸರಿ. ಇಡೀ ಗೋಡೆ ಓಲಾಡಿದರೆ ಸ್ಟಡ್‌ಗಳನ್ನು ಮೇಲೆ ಆರ್‌.ಸಿ.ಸಿ. ತಾರಸಿಗೆ ಕಟ್ಟದೆ ಫಾಲ್ಸ್ ಸೀಲಿಂಗಿಗೇ ನಿಲ್ಲಿಸಿರುವ ಸಾಧ್ಯತೆ ಹೆಚ್ಚು. ಅಂಥ ಗೋಡೆಗೆ ಏನನ್ನೂ ನೇತುಹಾಕಬೇಡಿ. ಅದಕ್ಕೆ ಬೇರೆ ದಾರಿ ಇದೆ, ಕೊನೆಯಲ್ಲಿ ಹೇಳುತ್ತೇನೆ.

ಈಗ ಬೋರ್ಡಿನ ಆಯ್ಕೆ. ಹಾರ್ಡ್‌ಬೋರ್ಡಿನದು ಅಗ್ಗ, ಹಗುರ. ತೂತುಗಳು 1 ಇಂಚಿಗೊಂದು ಇರುತ್ತವೆ. 3 ಮಿ.ಮೀ. ದಪ್ಪದ್ದನ್ನು ತರಬೇಡಿ. ಒಂದು ವರ್ಷದಲ್ಲಿ ತೂತು ಸವೆದು ಅಗಲವಾಗಿ, ಕತ್ತರಿ ತೆಗೆದಾಗ ಕೊಕ್ಕೆಯೂ ಕೈಗೆ ಬರುತ್ತದೆ. 6 ಮಿ.ಮೀ. ದಪ್ಪದ್ದು ಬಾಳುತ್ತದೆ, ನಿಮ್ಮ ಅಳತೆಗೆ ಸುಮಾರು 4 ಕೆ.ಜಿ. ತೂಗುತ್ತದೆ. ಅದರ ಶತ್ರುಗಳು ತೇವ ಮತ್ತು ಗೆದ್ದಲು. ಪಕ್ಕದಲ್ಲಿ ಬಚ್ಚಲಿದ್ದರೆ ಅಥವಾ ಮಳೆಗಾಲದಲ್ಲಿ ಗೋಡೆ ಬುಡ ಒದ್ದೆಯಾಗುತ್ತಿದ್ದರೆ ಬೇಡ.

ತಗಡಿನ ಪೆಗ್‌ಬೋರ್ಡ್ 1 ಮಿ.ಮೀ. ಶೀಟಿನದಾದರೆ ಇದೇ ಅಳತೆಗೆ ಐದರಿಂದ ಆರು ಕೆ.ಜಿ. ತೂಗುತ್ತದೆ. ತೂತು ಸವೆಯುವುದಿಲ್ಲ, ಗೆದ್ದಲಿನ ಭಯವಿಲ್ಲ, ಸೂಜಿ ಮತ್ತು ಗುಂಡುಪಿನ್ನಿಗೆ ಆಯಸ್ಕಾಂತದ ಬಟ್ಟಲು ಅಂಟಿಸಿಡಬಹುದು. ಹೊಲಿಗೆ ಕೋಣೆಗೆ ನನ್ನ ಆಯ್ಕೆ ಇದೇ. ಒಂದು ಎಚ್ಚರಿಕೆ: ಕೊಕ್ಕೆಗಳನ್ನು ಬೋರ್ಡಿನ ಜೊತೆಗೇ ತನ್ನಿ. ದುಂಡು ತೂತಿನ ಬೋರ್ಡು, ಉದ್ದ ಸೀಳಿನ ಬೋರ್ಡು, ಕಾರ್ಖಾನೆಗಳಲ್ಲಿ ಕಾಣುವ 10 ಮಿ.ಮೀ. ಚೌಕ ತೂತಿನ ಬೋರ್ಡು ಮೂರೂ ಬೇರೆ ಬೇರೆ. ಒಂದರ ಕೊಕ್ಕೆ ಇನ್ನೊಂದಕ್ಕೆ ಕೂರುವುದಿಲ್ಲ. ಐಕಿಯಾದ ಬೋರ್ಡು ಸೀಳಿನದು, ಅದಕ್ಕೆ ಅದರದೇ ಕೊಕ್ಕೆ ಬೇಕು.

ಮೂರನೆಯದು ಬಡಗಿಯವರೇ ಮಾಡಿಕೊಡಬಹುದಾದ್ದು. 18 ಮಿ.ಮೀ. ಪ್ಲೈವುಡ್ಡಿನಲ್ಲಿ 10 ಸೆಂ.ಮೀ.ಗೊಂದರಂತೆ 12 ಮಿ.ಮೀ. ತೂತು ಕೊರೆದು ಮರದ ಗೂಟ ಸಿಕ್ಕಿಸುವುದು. ದಾರದ ರೀಲಿಗೆ ಇದಕ್ಕಿಂತ ಚೆಂದದ್ದು ಇನ್ನೊಂದಿಲ್ಲ. ಆದರೆ ತೂತು ನೇರವಾಗಿರದೆ ಗೂಟದ ಮೂತಿ ತುಸು ಮೇಲಕ್ಕೆ ನೋಡುವಂತೆ ಓರೆಯಾಗಿರಬೇಕು, ಇಲ್ಲದಿದ್ದರೆ ರೀಲು ಜಾರಿ ಬೀಳುತ್ತದೆ. ಬೋರ್ಡಿನದೇ ತೂಕ ಎಂಟರಿಂದ ಒಂಬತ್ತು ಕೆ.ಜಿ. ಆಗುವುದರಿಂದ ಮೇಲೆ ಹಾಕುವ ಸಾಮಾನು ನಾಲ್ಕು ಕೆ.ಜಿ. ದಾಟದಂತೆ ನೋಡಿಕೊಳ್ಳಿ.

ಹಾಕುವ ರೀತಿ ಹೀಗೆ. ಪೆಗ್‌ಬೋರ್ಡನ್ನು ನೇರ ಗೋಡೆಗೆ ಹೊಡೆಯಬಾರದು, ಕೊಕ್ಕೆಯ ಬಾಲ ತಿರುಗಲು ಹಿಂದೆ ಕನಿಷ್ಠ 12ರಿಂದ 15 ಮಿ.ಮೀ. ಜಾಗ ಬೇಕು. 18 ಮಿ.ಮೀ. ಪ್ಲೈವುಡ್ಡನ್ನು 50 ಮಿ.ಮೀ. ಅಗಲಕ್ಕೆ ಸೀಳಿಸಿ, 4 ಅಡಿಗಿಂತ ಎರಡು ಇಂಚು ಉದ್ದ ಬಿಟ್ಟು ಮೂರು ಪಟ್ಟಿ ಮಾಡಿಸಿ. ಹೆಚ್ಚುವರಿ ಎರಡು ಇಂಚು ತುದಿಯ ಸ್ಟಡ್‌ಗೆ ಹಾಕುವ ಸ್ಕ್ರೂ ಪಟ್ಟಿಯ ಅಂಚಿಗೇ ಬಂದು ಪ್ಲೈ ಸೀಳದಿರಲೆಂದು. ಬಿ.ಡಬ್ಲ್ಯು.ಆರ್. (ತೇವ ತಡೆಯುವ) ದರ್ಜೆಯ ಪ್ಲೈ ಇರಲಿ, ಗೆದ್ದಲಿನ ಔಷಧಿ ಬಳಿಸಿ. ಪಟ್ಟಿಯ ಅಗಲ 50 ಮಿ.ಮೀ.ಗಿಂತ ಹೆಚ್ಚು ಬೇಡ. ಪಟ್ಟಿ ಕೂತ ಕಡೆ ಕೊಕ್ಕೆ ಹೋಗುವುದಿಲ್ಲ, ಅಗಲ ಹೆಚ್ಚಿದಷ್ಟೂ ತೂತಿನ ಸಾಲುಗಳು ವ್ಯರ್ಥ. ಸುತ್ತ ಅಂಚು ಮಡಚಿರುವ ತಗಡಿನ ಬೋರ್ಡಿಗೆ ಹಿಂದೆ ಜಾಗ ತಾನಾಗಿಯೇ ಇರುತ್ತದೆ. ಆದರೂ ಪಟ್ಟಿ ಹಾಕಿಸಿ. ಅದರ ಮೂಲೆಯ ತೂತುಗಳು ನಿಮ್ಮ ಸ್ಟಡ್ ಇರುವಲ್ಲಿಗೇ ಬರುತ್ತವೆ ಎಂಬ ಭರವಸೆಯಿಲ್ಲ, ಪಟ್ಟಿ ಇದ್ದರೆ ಎಲ್ಲಿ ಬೇಕಾದರೂ ಸ್ಕ್ರೂ ಹಾಕಬಹುದು.

ಸ್ಟಡ್ ಹುಡುಕಲು ಯಂತ್ರ ಬೇಡ. ಹಳೇ ಸ್ಪೀಕರಿನ ಆಯಸ್ಕಾಂತದ ತುಂಡೋ, ಬೀರುವಿನ ಬಾಗಿಲಿನ ಆಯಸ್ಕಾಂತವೋ ಸಾಕು. ಅದನ್ನು ತೆಳು ಬಟ್ಟೆಯಲ್ಲಿ ಸುತ್ತಿ ಗೋಡೆಯ ಮೇಲೆ ಅಡ್ಡಡ್ಡಲಾಗಿ ನಿಧಾನಕ್ಕೆ ಸವರಿ. ಪುಟ್ಟಿಯ ಕೆಳಗಿರುವ ಸ್ಕ್ರೂ ತಲೆಯ ಮೇಲೆ ಬಂದಾಗ ಕೈಗೆ ಒಂದು ಸಣ್ಣ ಜಗ್ಗು ಸಿಗುತ್ತದೆ. ಅಲ್ಲಿ ಪೆನ್ಸಿಲ್ ಚುಕ್ಕೆ ಇಡಿ. ಅದರ ನೇರ ಮೇಲೂ ಕೆಳಗೂ ಮತ್ತೆರಡು ಕಡೆ ಜಗ್ಗು ಸಿಕ್ಕರೆ ಅದು ಸ್ಟಡ್ಡಿನ ಗೆರೆ. ಅಲ್ಲಿಂದ 2 ಅಡಿ ಅಳೆದು ಮುಂದಿನದನ್ನು ಹುಡುಕಿ. ಚಾನೆಲ್ಲಿನ ಮುಖ ಮೂರರಿಂದ ಮೂರೂವರೆ ಸೆಂ.ಮೀ. ಅಗಲವಷ್ಟೇ ಇರುವುದರಿಂದ ಪ್ರತಿ ಗೆರೆಯಲ್ಲೂ 2 ಮಿ.ಮೀ. ಬಿಟ್ಟಿನಿಂದ ಒಂದು ಪರೀಕ್ಷೆ ತೂತು ಹಾಕಿ. ಬಿಳಿ ಪುಡಿಯ ಹಿಂದೆ ಹೊಳೆಯುವ ಲೋಹದ ಚೂರು ಬಂದರೆ ಸರಿಯಾದ ಜಾಗ.

ಆಯಸ್ಕಾಂತಕ್ಕೆ ಪಿ.ವಿ.ಸಿ. ಪೈಪು ಗೊತ್ತಾಗುವುದಿಲ್ಲ. ಸ್ವಿಚ್ ಬೋರ್ಡ್ ಅಥವಾ ಪ್ಲಗ್ ಇದ್ದರೆ ಅದರ ನೇರ ಮೇಲಕ್ಕೆ, ಕೆಳಕ್ಕೆ, ಅಡ್ಡಕ್ಕೆ ವೈರಿನ ಪೈಪು ಹೋಗಿರುತ್ತದೆ ಎಂದೇ ತಿಳಿದು ಎರಡೂ ಬದಿಗೆ 15 ಸೆಂ.ಮೀ. ಬಿಟ್ಟುಬಿಡಿ. ಗೋಡೆಯ ಆಚೆ ಬದಿಯ ಸ್ವಿಚ್ಚನ್ನೂ ನೋಡಿ, ಪೈಪು ಇರುವುದು ಎರಡಕ್ಕೂ ನಡುವಿನ ಟೊಳ್ಳಿನಲ್ಲಿ. ತೂತು ಕೊರೆಯುವಷ್ಟು ಹೊತ್ತು ಆ ಭಾಗದ ಎಂ.ಸಿ.ಬಿ. ಇಳಿಸಿ. ಡ್ರಿಲ್ಲಿಂಗ್ ಮಿಷನ್ನಿಗೆ ಪಕ್ಕದ ಕೋಣೆಯಿಂದ ಎಕ್ಸ್‌ಟೆನ್ಷನ್ ಎಳೆದುಕೊಂಡರಾಯಿತು.

ಸ್ಕ್ರೂ 50 ಮಿ.ಮೀ. ಉದ್ದದ್ದು, 8 ನಂಬರಿನದು, ತಗಡು ಕೊರೆಯುವ ಮೂತಿ ಇರುವ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ ಕೇಳಿ. ಪ್ಲೈ 18, ಜಿಪ್ಸಂ 12.5, ಒಟ್ಟು 30.5 ಮಿ.ಮೀ. ಕಳೆದರೂ ಚಾನೆಲ್ ಹಿಡಿಯಲು ಬೇಕಾದಷ್ಟು ಉಳಿಯುತ್ತದೆ. ಜಿಪ್ಸಂ ಬೋರ್ಡಿಗೆ ಬಳಸುವ ಕರಿ ಸ್ಕ್ರೂ ಇದಕ್ಕೆ ಬೇಡ. ಅದು ಬೋರ್ಡನ್ನು ಚಾನೆಲ್ಲಿಗೆ ಒತ್ತಿ ಹಿಡಿಯಲು ಮಾಡಿದ್ದು, ಅಡ್ಡ ಭಾರ ಬಿದ್ದರೆ ಬಾಗದೆ ಪಟಕ್ಕನೆ ತುಂಡಾಗುತ್ತದೆ. ಒಂದೊಂದು ಪಟ್ಟಿಗೆ ಪ್ರತಿ ಸ್ಟಡ್ಡಿನಲ್ಲಿ ಎರಡು ಸ್ಕ್ರೂ, ಒಂದರ ಕೆಳಗೊಂದು ಸ್ವಲ್ಪ ಓರೆಯಾಗಿ. ಮೂರು ಪಟ್ಟಿಗೆ 18 ಸ್ಕ್ರೂ, ಕೆಡುವುದಕ್ಕೆಂದು 24 ತನ್ನಿ.

ಪಟ್ಟಿಯಲ್ಲಿ ಮೊದಲೇ 5 ಮಿ.ಮೀ. ತೂತು ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಸ್ಕ್ರೂ ಪ್ಲೈಯನ್ನೇ ಕಚ್ಚಿಕೊಂಡು ಪಟ್ಟಿ ಗೋಡೆಯಿಂದ ದೂರವೇ ಉಳಿಯುತ್ತದೆ. ಇನ್ನು ಮಿಷನ್ನಿನ ವಿಷಯದಲ್ಲಿ ಬಡಗಿಯವರಿಗೆ ಒಂದು ಮಾತು ಖಂಡಿತ ಹೇಳಿ: ಸುತ್ತಿಗೆ ಗುರುತಿನ ಹ್ಯಾಮರ್ ಮೋಡ್ ಬೇಡ. ಕಾಂಕ್ರೀಟು ಕೊರೆದು ರೂಢಿಯಾದ ಕೈ ಅದನ್ನು ಆನ್ ಮಾಡಿಯೇ ಇಟ್ಟಿರುತ್ತದೆ. ಆ ಏಟಿಗೆ ಬೋರ್ಡಿನ ಹಿಂಬದಿಯ ಕಾಗದ ಅಂಗೈಯಗಲ ಹರಿದುಹೋಗುತ್ತದೆ, ಮುಂದಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಸ್ಕ್ರೂ ಬಿಗಿಸುವಾಗಲೂ ನಿಧಾನ. ಚಾನೆಲ್ಲಿನ ತಗಡು ಅರ್ಧ ಮಿ.ಮೀ. ದಪ್ಪದ್ದು, ಅರ್ಧ ಸುತ್ತು ಹೆಚ್ಚಾದರೂ ತೂತಿನ ಹಿಡಿತ (ಮರೆ) ಹೋಗಿ ಸ್ಕ್ರೂ ಸುಮ್ಮನೆ ತಿರುಗತೊಡಗುತ್ತದೆ. ಹಾಗಾದರೆ ಅದೇ ತೂತಿಗೆ ದಪ್ಪ ಸ್ಕ್ರೂ ತುರುಕದೆ ಸುಮಾರು ಒಂದು ಸೆಂ.ಮೀ. ಪಕ್ಕಕ್ಕೆ, ಅದೇ ಸ್ಟಡ್ಡಿನಲ್ಲಿ ಹೊಸದಾಗಿ ಹಾಕಿಸಿ.

ಮೇಲಿನ ಪಟ್ಟಿಯನ್ನು ಮಟ್ಟಗೋಲು ಇಟ್ಟು ಮೊದಲು ಕೂರಿಸಿ, ಅದರಿಂದ ಅಳೆದು ನಡುವಿನದು, ಕೆಳಗಿನದು. ಪೆಗ್‌ಬೋರ್ಡನ್ನು ಪಟ್ಟಿಗಳಿಗೆ 20 ಮಿ.ಮೀ. ಸ್ಕ್ರೂ (18 ಮಿ.ಮೀ. ಪ್ಲೈ ಬೋರ್ಡಾದರೆ ಇನ್ನೂ ಉದ್ದದ್ದು) ಮತ್ತು ವಾಷರ್ ಹಾಕಿ ಬಿಗಿಸಿ. ವಾಷರ್ ಇಲ್ಲದಿದ್ದರೆ ಸ್ಕ್ರೂ ತಲೆ ತೂತಿನೊಳಗೇ ನುಸುಳುತ್ತದೆ. ಬೋರ್ಡಿನ ಕೆಳ ಅಂಚು ಮೇಜಿನಿಂದ ಒಂದು ಗೇಣು ಮೇಲಿರಲಿ, ಬಟ್ಟೆಯ ನಾರು, ದೂಳು ತೆಗೆಯಲು ಕೈ ಹೋಗಬೇಕು. ಆ ಸಂದಿ ಜಿರಲೆಗೆ ಬಲು ಇಷ್ಟದ ಜಾಗ.

ಹಳೇ ತೂತುಗಳು ಪೆಗ್‌ಬೋರ್ಡಿನ ಹಿಂದೆ ಬಂದರೂ ಮುಚ್ಚಿಸಿಯೇ ಮುಂದುವರಿಯಿರಿ. ಬರೀ ಪುಟ್ಟಿ ತುಂಬಿದರೆ ಒಣಗಿ ಕುಗ್ಗಿ ಬಿರುಕು ಬಿಡುತ್ತದೆ. ಗಟ್ಟಿ ಭಾಗ ಸಿಗುವವರೆಗೆ ಚೌಕಾಕಾರವಾಗಿ ಕತ್ತರಿಸಿ, ಹಿಂದಕ್ಕೆ ಒಂದು ಪ್ಲೈ ಚೂರು ತೂರಿಸಿ 25 ಮಿ.ಮೀ. ಸ್ಕ್ರೂನಿಂದ ನಿಲ್ಲಿಸಿ, ಅದರ ಮೇಲೆ ಅದೇ ಅಳತೆಯ ಜಿಪ್ಸಂ ತುಂಡು ಕೂರಿಸಿ. ಸಂದಿಗೆ ಟೇಪು, ಮೇಲೆ ಜಾಯಿಂಟಿಂಗ್ ಕಾಂಪೌಂಡ್ ತೆಳುವಾಗಿ ಎರಡು ಮೂರು ಸಲ, ಪ್ರತಿ ಸಲ ಪೂರ್ತಿ ಒಣಗಿದ ಮೇಲೆ. ಕರಿ ಸ್ಕ್ರೂ ಇಲ್ಲಿ ಸರಿಯಾದದ್ದು.

ಬೋರ್ಡು, ಪಟ್ಟಿ, ಸಾಮಾನು ಎಲ್ಲ ಸೇರಿ 15 ಕೆ.ಜಿ.ಗೆ ನಿಲ್ಲಿಸಿ. ಗೋಡೆ ಅದಕ್ಕಿಂತ ಹೆಚ್ಚು ತಡೆದೀತು, ಆದರೆ ದಿನಕ್ಕೆ ಐವತ್ತು ಸಲ ಎಳೆದಾಡುವ ಬೋರ್ಡಿಗೆ ಅಷ್ಟು ಅಂತರ ಬೇಕು. ಕತ್ತರಿಗಳು, ಸ್ಕೇಲು, ರಿಂಗು, ರೀಲುಗಳು ಈ ಲೆಕ್ಕದೊಳಗೆ ಆರಾಮಾಗಿ ಬರುತ್ತವೆ. ಭಾರದ ಕತ್ತರಿಗಳು ಸ್ಟಡ್ಡಿನ ಗೆರೆಯ ಹತ್ತಿರ ಇರಲಿ. ಇಸ್ತ್ರಿ ಪೆಟ್ಟಿಗೆ ಬೇಡವೇ ಬೇಡ, ಬಿಸಿ ಇಳಿದಿದ್ದರೂ ಬೇಡ. ಕೊಕ್ಕೆಯಿಂದ ಜಾರಿದರೆ ಮೇಜಿನ ಮೇಲಿನ ಬಟ್ಟೆಯ ಜೊತೆ ನಿಮ್ಮ ಕೈಯೂ ಅಲ್ಲೇ ಇರುತ್ತದೆ. ಮೋಟಾರ್ ಮಿಷನ್ನಿನ ಮೇಜು ಗೋಡೆಗೆ ತಾಗಿದ್ದರೆ ಎರಡು ಬೆರಳು ಮುಂದಕ್ಕೆ ಎಳೆಯಿರಿ. ಇಲ್ಲದಿದ್ದರೆ ಮಿಷನ್ನಿನ ನಡುಕಕ್ಕೆ ಕೊಕ್ಕೆಗಳು ಒಂದೊಂದಾಗಿ ಮೇಲೆದ್ದು ಕಳಚಿಕೊಳ್ಳುತ್ತವೆ, ಸ್ಕ್ರೂಗಳೂ ಸಡಿಲವಾಗುತ್ತವೆ. ಕೊಕ್ಕೆಯ ಬುಡ ಹಿಡಿಯುವ ಸಣ್ಣ ಪ್ಲಾಸ್ಟಿಕ್ ಲಾಕ್ ಸಿಗುತ್ತದೆ, ಅದನ್ನೂ ಹಾಕಿ.

ಗೋಡೆ ಓಲಾಡುತ್ತಿದ್ದರೆ, ಇಲ್ಲವೇ 15 ಕೆ.ಜಿ. ಸಾಲದು ಎನಿಸಿದರೆ ಭಾರವನ್ನು ನೆಲಕ್ಕೆ ಇಳಿಸಿ. ನೆಲದಿಂದಲೇ ಎರಡು ಮರದ ಕಂಬ ನಿಲ್ಲಿಸಿ ಪೆಗ್‌ಬೋರ್ಡನ್ನು ಅವಕ್ಕೆ ಹೊಡೆಸುವುದು. ಗೋಡೆ ಗಟ್ಟಿಯಿದ್ದರೆ ಮುಂದಕ್ಕೆ ಬಾಗದಂತೆ ಮೇಲ್ಗಡೆ ಸ್ಟಡ್ಡಿಗೆ ಒಂದೊಂದು ಸ್ಕ್ರೂ ಸಾಕು. ಓಲಾಡುವ ಗೋಡೆಯಾದರೆ ಕಂಬಗಳನ್ನು ಹೊಲಿಗೆಯಲ್ಲದ, ಭಾರದ ಕಟಿಂಗ್ ಮೇಜಿನ ಹಿಂಬದಿಗೆ ಬೋಲ್ಟ್ ಮಾಡಿಸಿ, ಗೋಡೆಯನ್ನು ಮುಟ್ಟುವುದೇ ಬೇಡ. ಬಾಡಿಗೆ ಮನೆಯವರಿಗೂ ಇದು ಒಳ್ಳೆಯ ದಾರಿ.

ಎಲ್ಲ ಹಾಕಿ ಮುಗಿದ ದಿನ ಸಾಮಾನು ಪೇರಿಸಬೇಡಿ. ಮೇಲಿನ ಪಟ್ಟಿಯ ಮೇಲಂಚಿಗೆ ತಾಗಿಸಿ ಗೋಡೆಯ ಮೇಲೆ ಪೆನ್ಸಿಲಿನಿಂದ ಸಣ್ಣ ಗೆರೆ ಎಳೆಯಿರಿ. 10 ಕೆ.ಜಿ. ಅಕ್ಕಿಯನ್ನು ಐದು ಕೈಚೀಲಗಳಿಗೆ ಹಂಚಿ ಕೊಕ್ಕೆಗಳಿಗೆ ನೇತುಹಾಕಿ ಎರಡು ದಿನ ಬಿಡಿ. ಪಟ್ಟಿ ಗೆರೆಯಿಂದ ಕೂದಲೆಳೆಯಷ್ಟೂ ಇಳಿಯದೆ, ಪಟ್ಟಿಗೂ ಗೋಡೆಗೂ ನಡುವೆ ವಿಸಿಟಿಂಗ್ ಕಾರ್ಡ್ ತೂರದಿದ್ದರೆ ಕತ್ತರಿಗಳನ್ನು ಜೋಡಿಸಲು ಶುರು ಮಾಡಿ. ಕಾರ್ಡ್ ಒಳಗೆ ಹೋದರೆ ಆ ಜಾಗದ ಸ್ಕ್ರೂ ಸ್ಟಡ್ಡನ್ನು ಹಿಡಿದಿಲ್ಲ ಎಂದರ್ಥ. ಅದನ್ನು ಬಿಚ್ಚಿ, ಆಯಸ್ಕಾಂತ ಹಿಡಿದು ಮತ್ತೊಮ್ಮೆ ಹುಡುಕಿಸಿ.